ಉರಕಾಮಿಯ ಘಂಟೆ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ತುಂಬಿದ ದೇವಾಲಯದ ಹಬ್ಬದಲ್ಲಿ ಅಣುಬಾಂಬಿನ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇನ್ನೊಂದು ದೇವಾಲಯದ ಕಥೆ ಹೇಳಿ ಉತ್ತರಿಸುತ್ತೇನೆ.

ಜಪಾನಿನ ನಾಗಸಾಕಿ ನಗರದಲ್ಲಿ ಉರಕಾಮಿ ಎಂಬ ಭಾಗವಿದೆ. ಅಲ್ಲಿನ ಕ್ರೈಸ್ತರು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಗುರುಗಳಿಲ್ಲದೆ, ಬಲಿಪೂಜೆಯಿಲ್ಲದೆ, ಗುಟ್ಟಾಗಿ ತಮ್ಮ ವಿಶ್ವಾಸವನ್ನು ಕಾಪಾಡಿಕೊಂಡು ಬಂದವರು. 1873ರಲ್ಲಿ ನಿಷೇಧ ತೆರವಾಗಿ ಗಡೀಪಾರಿನಿಂದ ಮರಳಿದ ಆ ಬಡ ರೈತರು, ಹಿಂದೆ ಪವಿತ್ರ ಚಿತ್ರಗಳನ್ನು ತುಳಿಯುವಂತೆ ತಮ್ಮನ್ನು ಬಲಾತ್ಕರಿಸುತ್ತಿದ್ದ ಗ್ರಾಮಾಧಿಕಾರಿಯ ನಿವೇಶನವನ್ನೇ ಕೊಂಡು, 1895ರಲ್ಲಿ ದೇವಾಲಯದ ಕೆಲಸಕ್ಕೆ ಕೈಹಾಕಿದರು. 1914ರಲ್ಲಿ ಅಭಿಷೇಕವಾಯಿತು, ಎರಡು ಘಂಟಾಗೋಪುರಗಳು ಮುಗಿದದ್ದು 1925ರಲ್ಲಿ. ನಮ್ಮ ಹಿರಿಯರು ಕಲ್ಲು ಹೊತ್ತ ಕಥೆ ಕೇಳಿ ಬೆಳೆದ ನಮಗೆ ಆ ಮೂವತ್ತು ವರ್ಷಗಳ ಬೆವರನ್ನು ವಿವರಿಸಬೇಕಾಗಿಲ್ಲ.

1945ರ ಆಗಸ್ಟ್ 9ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕೆ ಸಿದ್ಧತೆಯಾಗಿ, ಇಬ್ಬರು ಗುರುಗಳು ಅಲ್ಲಿ ಪಾಪನಿವೇದನೆ ಕೇಳುತ್ತಿದ್ದರು. ಬಾಂಬು ಹೊತ್ತ ವಿಮಾನದ ಮೊದಲ ಗುರಿ ಕೊಕುರ ನಗರ. ಅಲ್ಲಿ ಗುರಿ ಕಾಣದ ಕಾರಣ ಅದು ನಾಗಸಾಕಿಗೆ ತಿರುಗಿತು. 11 ಗಂಟೆ 2 ನಿಮಿಷಕ್ಕೆ, ದೇವಾಲಯದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಬಾಂಬು ಸಿಡಿಯಿತು. ಒಳಗಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500ರಷ್ಟು ಮಂದಿ ಸತ್ತರು.

ಆ ವಿಮಾನ ಹೊರಟ ಟಿನಿಯನ್ ದ್ವೀಪದಲ್ಲಿ ಸೈನಿಕರ ಆತ್ಮಪಾಲನೆ ನೋಡುತ್ತಿದ್ದವರೂ ಒಬ್ಬ ಕಥೋಲಿಕ ಗುರುಗಳೇ. ಹೆಸರು ಜಾರ್ಜ್ ಜಬೆಲ್ಕಾ. ನಗರವಾಸಿಗಳನ್ನು ಕೊಲ್ಲುವುದು ಪಾಪವೆಂದು ತಾವು ಒಮ್ಮೆಯೂ ಬೋಧಿಸಲಿಲ್ಲವೆಂದು ಅವರು ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಅವರ ಮೌನವನ್ನು ತೂಗುವ ಯೋಗ್ಯತೆ ನನಗಿಲ್ಲ. 1998ರ ಮೇ ತಿಂಗಳಲ್ಲಿ ಪೋಖ್ರಾನಿನ ಪರೀಕ್ಷೆಗಳಾದಾಗ ಯಾರೋ ಹಂಚಿದ ಪೇಡೆಯನ್ನು ನಾನೂ ತಿಂದವನು. ಅದೇ ತಿಂಗಳ ಕೊನೆಯಲ್ಲಿ ಪಾಕಿಸ್ತಾನವೂ ಪರೀಕ್ಷೆ ನಡೆಸಿತು. ಅಲ್ಲಿಯೂ ಯಾರೋ ಸಿಹಿ ಹಂಚಿರಬೇಕು.

ಬಾಂಬಿನ ಭಯವೇ ಯುದ್ಧವನ್ನು ತಡೆದಿದೆ ಎಂಬುದು ಯುದ್ಧತಂತ್ರಜ್ಞರ ವಾದ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಜಗದ್ಗುರು ಎರಡನೆಯ ಜಾನ್ ಪಾಲರೂ 1982ರಲ್ಲಿ, ನಿಶ್ಶಸ್ತ್ರೀಕರಣದ ಕಡೆಗಿನ ಒಂದು ಮೆಟ್ಟಿಲೆಂದು ಮಾತ್ರ, ಅದನ್ನು ಒಪ್ಪಬಹುದೆಂದರು. ಆದರೆ ಲೋಕವು ಆ ಮೆಟ್ಟಿಲ ಮೇಲೆಯೇ ಬಿಡಾರ ಹೂಡಿತು. ಇಂದಿಗೂ ಒಂಬತ್ತು ರಾಷ್ಟ್ರಗಳ ಬಳಿ ಸುಮಾರು 12,000 ಅಣ್ವಸ್ತ್ರಗಳಿವೆ. ಬೆದರಿಕೆ ಫಲಿಸಬೇಕಾದರೆ ಬೆದರಿಸುವವನು ನಿಜವಾಗಿಯೂ ಕೊಲ್ಲಲು ಸಿದ್ಧನಿರಬೇಕಷ್ಟೆ? ತಾನು ಮೊದಲು ಪ್ರಯೋಗಿಸುವುದಿಲ್ಲವೆಂಬ ನಮ್ಮ ದೇಶದ ನೀತಿ ಶ್ಲಾಘನೀಯ. ಆದರೆ 2003ರಲ್ಲಿ ಪ್ರಕಟವಾದ ಅದೇ ನೀತಿಯಲ್ಲಿ ಭಾರೀ ಪ್ರತೀಕಾರದ ಮಾತೂ ಇದೆ. ಯಾರ ಮೇಲೆ? ಕರಾಚಿಯಲ್ಲಿ ಸಂತ ಪ್ಯಾಟ್ರಿಕರ ಪ್ರಧಾನಾಲಯವಿದೆ. ಗೋವೆಯಿಂದ ಹೋದವರ ಮೊಮ್ಮಕ್ಕಳು ಅಲ್ಲಿ ಜಪಸರ ಹೇಳುತ್ತಾರೆ. (ನಮ್ಮವರು ಒಬ್ಬರೂ ಇಲ್ಲದಿದ್ದರೂ ನನ್ನ ಮಾತು ಇದೇ.) ಇಡೀ ನಗರಗಳನ್ನು ಜನಸಮೇತ ನಾಶಮಾಡುವ ಯುದ್ಧಕೃತ್ಯವು ದೇವರಿಗೂ ಮಾನವನಿಗೂ ಎಸಗುವ ಅಪರಾಧವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು.

ಇದಲ್ಲದೆ ಯಂತ್ರವೂ ತಪ್ಪುತ್ತದೆ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಯಂತ್ರಗಳು ಎಚ್ಚರಿಸಿದವು. ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ತಪ್ಪಾಗಿ ಗ್ರಹಿಸಿತ್ತು. ಸ್ತನಿಸ್ಲಾವ್ ಪೆಟ್ರೋವ್ ಎಂಬ ಕಾವಲು ಅಧಿಕಾರಿ ಅದನ್ನು ನಂಬದೆ, ಸುಳ್ಳು ಸೂಚನೆಯೆಂದು ಮೇಲಿನವರಿಗೆ ವರದಿ ಮಾಡಿದರು.

2017ರಲ್ಲಿ ಜಗದ್ಗುರು ಫ್ರಾನ್ಸಿಸರು ಅಣ್ವಸ್ತ್ರಗಳನ್ನು ಇಟ್ಟುಕೊಳ್ಳುವುದೇ ಖಂಡನೀಯವೆಂದರು. ಅದೇ ವರ್ಷ ಪವಿತ್ರ ಪೀಠವು ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿತು. ಆ ಒಂಬತ್ತು ರಾಷ್ಟ್ರಗಳಲ್ಲಿ ಒಂದೂ, ನಮ್ಮದೂ ಸೇರಿ, ಹಾಕಿಲ್ಲ.

ಉರಕಾಮಿಯ ಎರಡು ಘಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಇನ್ನೊಂದನ್ನು ಬದುಕುಳಿದವರು ಅವಶೇಷಗಳಿಂದ ಅಗೆದು ತೆಗೆದು, 1945ರ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಬಾರಿಸಿದರು. ಒಡೆದ ಘಂಟೆಯ ಜಾಗಕ್ಕೆ ಅಮೆರಿಕದ ಕಥೋಲಿಕರು ಹೊಸದನ್ನು ಕೊಟ್ಟರು. 2025ರ ಆಗಸ್ಟ್ 9ರಂದು, ಎಂಬತ್ತು ವರ್ಷಗಳ ಮೇಲೆ, ಎರಡು ಗೋಪುರಗಳ ಘಂಟೆಗಳೂ ಕೂಡಿ ಮೊಳಗಿದವು.

ಜಪಾನಿನ 11 ಗಂಟೆ 2 ನಿಮಿಷವೆಂದರೆ ನಮ್ಮಲ್ಲಿ ಬೆಳಿಗ್ಗೆ 7 ಗಂಟೆ 32 ನಿಮಿಷ. ಮುಂದಿನ ಆಗಸ್ಟ್ 9ರಿಂದ ಆ ಹೊತ್ತಿಗೆ ನಮ್ಮ ಘಂಟೆಯನ್ನೂ ಬಾರಿಸಲು ಪೂಜ್ಯ ಗುರುಗಳ ಅಪ್ಪಣೆ ಬೇಡುತ್ತೇನೆ. ನಮ್ಮ ದೇಶವೂ ಆ ಒಪ್ಪಂದಕ್ಕೆ ಸೇರಲೆಂದು ಲೋಕಸಭಾ ಸದಸ್ಯರಿಗೆ ಬರೆದ ಮನವಿಯೊಂದನ್ನು ಆ ದಿನ ದೇವಾಲಯದ ಬಾಗಿಲಲ್ಲಿ ಸಹಿಗಾಗಿ ಇಡೋಣ. ಹಗ್ಗ ಎಳೆಯಲು ನಾನು ಬರುತ್ತೇನೆ.