ಹೆಗಲಿನ ಎಲುಬು ಮುರಿದರೆ



ಇವತ್ತು ನಮ್ಮ ಹೆಗಲಿನ ಮಾತು ಆಡೋಣ. ಹುಲ್ಲಿನ ಹೊರೆ ಹೊತ್ತು ಕಾಲುವೆ ಏರಿ ಮೇಲೆ ಬರುತ್ತೇವೆ. ಕಾಲು ಜಾರುತ್ತದೆ. ಕೈ ಊರಿ ಬೀಳುತ್ತೇವೆ. ತೋಳಿನ ಎಲುಬು ಹೆಗಲ ಹತ್ತಿರ ಮುರಿಯುತ್ತದೆ. ಮುಟ್ಟು ನಿಂತ ಮೇಲೆ ನಮ್ಮ ಎಲುಬು ಸವೆಯುತ್ತದೆ. ಆಗ ಅಂಗಳದಾಗ ಬಿದ್ದರೂ ಮುರಿಯಬಹುದು.

"ಆಪರೇಷನ್ ಮಾಡಿಸದಿದ್ದರೆ ಕೈ ಹೋಯಿತು" ಅಂತ ಕೆಲವರು ಅಂತಾರೆ. "ಮಾಡಿಸಿದರೇ ಹೋಯಿತು" ಅಂತ ಇನ್ನು ಕೆಲವರು. ಎರಡೂ ಖರೇ ಅಲ್ಲ.

ಮುರಿದ ತುಂಡು ಬಹಳ ಸರಿಯದಿದ್ದರೆ, ಕೈಯನ್ನು ಕೊರಳಿಗೆ ಪಟ್ಟಿ ಕಟ್ಟಿ ಇಟ್ಟರೆ ಸಾಕು. ಎಲುಬು ಕೂಡುತ್ತದೆ. ತುಂಡು ಸರಿದವರಿಗೆಲ್ಲ ಆಪರೇಷನ್ ಬೇಕೇ? ಬ್ರಿಟನ್ ದೇಶದಲ್ಲಿ ಇಂಥ 250 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್. ಇನ್ನೊಂದಕ್ಕೆ ಬರೀ ಪಟ್ಟಿ. ಎರಡು ವರ್ಷ ನೋಡಿದರು. ಎರಡೂ ಗುಂಪಿನವರ ಕೈ ಹೆಚ್ಚುಕಡಿಮೆ ಒಂದೇ ತರ ಇತ್ತು. ಇದು 2015ರಲ್ಲಿ ಪ್ರಕಟವಾಯಿತು. ಆದರೆ ಕೀಲು ತಪ್ಪಿದ್ದರೆ, ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ತಡ ಮಾಡಬಾರದು. ಎಕ್ಸ್‌ರೇ ತೆಗೆಸದೆ ಎಣ್ಣೆ ತಿಕ್ಕಿಸಿ ಜಗ್ಗಿಸಬೇಡಿರಿ.

ಆಪರೇಷನ್ನಿನಲ್ಲಿ ಪ್ಲೇಟು, ಸ್ಕ್ರೂ ಹಾಕಿ ಎಲುಬು ಕೂಡಿಸುತ್ತಾರೆ. ಪುಡಿಯಾಗಿದ್ದರೆ ಹೊಸ ಕೀಲು ಹಾಕುವುದೂ ಉಂಟು. ಬಹಳ ಮಂದಿಗೆ ನೋವು ಇಳಿಯುತ್ತದೆ. ಕೈ ಕೆಲಸಕ್ಕೆ ಬರುತ್ತದೆ. ಮೊದಲಿನಷ್ಟು ಮೇಲೆ ಏಳದೆ ಇರಬಹುದು. ಕೆಲವರಿಗೆ ತೊಂದರೆಯೂ ಆಗುತ್ತದೆ. ಗಾಯ ಕೀವಾಗಬಹುದು. ನರಕ್ಕೆ ಪೆಟ್ಟು ಬೀಳಬಹುದು. ಸವೆದ ಎಲುಬಿನಲ್ಲಿ ಸ್ಕ್ರೂ ನಿಲ್ಲದೆ ಕೀಲಿನೊಳಗೆ ತೂರಬಹುದು. ರಕ್ತ ಸಿಗದೆ ಎಲುಬಿನ ಮೇಲಿನ ಗುಂಡು ಭಾಗ ಸಾಯಬಹುದು. ಇದು ತಿಂಗಳುಗಳ ಮೇಲೆ ಗೊತ್ತಾಗುತ್ತದೆ. ಆಗ ಮತ್ತೊಂದು ಆಪರೇಷನ್ ಬೇಕಾಗಬಹುದು.

ಆಪರೇಷನ್ನಿಗೆ ಮೊದಲು ಕಾಗದಕ್ಕೆ ಸಹಿ ಕೇಳುತ್ತಾರೆ. ಹಿಂದೆ ನಾವು ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ಓದಲಿಕ್ಕೆ ಬರುತ್ತದಲ್ಲ! ಇಂಗ್ಲಿಷಿನಲ್ಲಿದ್ದರೆ "ಕನ್ನಡದಾಗ ಹೇಳ್ರಿ" ಅನ್ನಿರಿ. "ಡಾಕ್ಟರ್ ಸಾಹೇಬ್ರ, ಆಪರೇಷನ್ ಇಲ್ಲದೆ ಕೂಡೂದಿಲ್ಲೇನು? ನನ್ನ ಕೈ ಎಷ್ಟು ಮೇಲೆ ಏಳ್ತದ?" ಅಂತ ಕೇಳಿರಿ. ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ. ಶಹಾಪುರದ ತಾಲೂಕು ಆಸ್ಪತ್ರೆಯಿಂದ ಯಾದಗಿರಿಗೋ ಕಲಬುರಗಿಗೋ ಕಳಿಸಬಹುದು. ರೇಷನ್ ಕಾರ್ಡು, ಆಧಾರ್ ಕಾರ್ಡು ಒಯ್ಯಿರಿ. ಬಡವರ ಖರ್ಚಿಗೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಅದನ್ನೂ ವಿಚಾರಿಸಿರಿ.

ಮನೆಗೆ ಬಂದ ಮೇಲೆ ಜ್ವರ, ಕೀವು, ಬೆರಳು ಜೋಮು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿರಿ. ಮೊದಮೊದಲು ನಮ್ಮ ಗುಡ್ಡದ ಬುದ್ಧನಂಗ ಅಂಗಾತ ಮಲಗಲಿಕ್ಕೆ ಆಗುವುದಿಲ್ಲ. ಬೆನ್ನಿಗೆ ದಿಂಬು ಇಟ್ಟು ಒರಗಿರಿ.

ನಮ್ಮ ಓಣಿಯ ಒಬ್ಬ ಅವ್ವ ಹೆದರಿ ಮೂರು ತಿಂಗಳು ಪಟ್ಟಿ ಬಿಚ್ಚಲೇ ಇಲ್ಲ. ಎಲುಬು ಕೂಡಿತು. ಕೈ ಏಳಲಿಲ್ಲ. ಹೆರಳು ಹಾಕಲಿಕ್ಕೆ ಮಗಳೇ ಬೇಕಾಯಿತು. ಆಪರೇಷನ್ ಆಗಲಿ, ಬಿಡಲಿ, ಬೆರಳು, ಮೊಣಕೈ ಮೊದಲಿನಿಂದಲೇ ಆಡಿಸಬೇಕು. ಡಾಕ್ಟರು ಹೇಳಿದ ದಿನದಿಂದ ಮುಂದಕ್ಕೆ ಬಾಗಿ, ಕೈ ಜೋತುಬಿಟ್ಟು, ಬೀಸುವ ಕಲ್ಲು ತಿರುಗಿದಂಗ ಮೆಲ್ಲಗೆ ತಿರುಗಿಸಬೇಕು. ಆಮೇಲೆ ಗೋಡೆ ಮೇಲೆ ಬೆರಳು ಹತ್ತಿಸಬೇಕು. ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಮೂರ್ನಾಲ್ಕು ತಿಂಗಳಿಗೆ ರೊಟ್ಟಿ ಬಡಿಯಲಿಕ್ಕೆ ಬರಬಹುದು. ತಲೆ ಮೇಲೆ ಕೊಡ ಎತ್ತಲಿಕ್ಕೆ ಇನ್ನೂ ಬಹಳ ದಿನ ಬೇಕು. ಅಲ್ಲಿತನಕ ಕೊಡವನ್ನು ಮನೆಯ ಗಂಡಸರು ಹೊರಲಿ.