‘ವಿಲನ್’: ಕುಲವೋ, ಕೃತ್ಯವೋ?



ಸಿನಿಮಾದ ಮೂಲಕ ಮನೆಮಾತಾಗಿರುವ ‘ವಿಲನ್’ ಎಂಬ ಪದವು ಮೂಲತಃ ದುಷ್ಟನನ್ನು ಸೂಚಿಸುತ್ತಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ವಿಲ್ಲಾ’ ಎಂದರೆ ಧನಿಕರ ಹಳ್ಳಿಮನೆ ಮತ್ತು ಜಮೀನು. ಅಲ್ಲಿ ದುಡಿಯುವವನಿಗೆ ಅದರಿಂದಲೇ ಹೆಸರು ಬಂತು. ಉಳ್ಳವರ ತಾತ್ಸಾರವು ಕ್ರಮೇಣ ಆ ಬಡವನ ಹೆಸರನ್ನೇ ನೀಚತನದ ಹೆಸರಾಗಿ ಮಾರ್ಪಡಿಸಿತು.

ಅರಬಿಯಲ್ಲಿ ವಿಲನ್‌ಗೆ ‘ಶಿರ್ರೀರ್’ ಎನ್ನುತ್ತಾರೆ. ‘ಶರ್ರ್’ ಎಂದರೆ ಕೆಡುಕು. ಅದರಲ್ಲಿ ಮುಳುಗಿದವನು ಶಿರ್ರೀರ್. ಅನ್ಯಾಯವೆಸಗುವವನು ‘ಝಾಲಿಮ್’, ಅಪರಾಧವೆಸಗುವವನು ‘ಮುಜ್ರಿಮ್’. ಈ ಪದಗಳು ಕೃತ್ಯವನ್ನು ನೋಡುತ್ತವೆ, ಕುಲವನ್ನಲ್ಲ.

ಆದರೆ ‘ಅರ್ಝಲ್’ ಎಂಬ ಪದವೂ ಅರಬಿಯಲ್ಲಿದೆ. ಅತ್ಯಂತ ಕೀಳು ಎಂದು ಅದರರ್ಥ. ಪ್ರವಾದಿ ನೂಹ್(ಅ)ರ ಅನುಯಾಯಿಗಳನ್ನು ಅಂದಿನ ಮುಖಂಡರು ಇದೇ ಪದದಿಂದ ಹೀಗಳೆದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಆ ಅನುಯಾಯಿಗಳನ್ನು ದೂರವಟ್ಟಲು ನೂಹ್(ಅ) ಒಪ್ಪಲಿಲ್ಲ. ವಿಷಾದವೆಂದರೆ, ಸತ್ಯನಿಷೇಧಿಗಳ ನಾಲಗೆಯ ಮೇಲಿದ್ದ ಆ ಪದವೇ ಭಾರತೀಯ ಮುಸ್ಲಿಮರಲ್ಲಿ ಅಶ್ರಾಫ್, ಅಜ್ಲಾಫ್, ಅರ್ಝಲ್ ಎಂಬ ಶ್ರೇಣಿಯ ಕೊನೆಯ ಮೆಟ್ಟಿಲಾಯಿತು. 1901ರ ಬಂಗಾಳದ ಜನಗಣತಿ ವರದಿಯು ಇದನ್ನು ದಾಖಲಿಸಿದೆ, ಡಾ. ಅಂಬೇಡ್ಕರ್ ಅದನ್ನು ಉಲ್ಲೇಖಿಸಿದ್ದಾರೆ.

ಇಂದು ಇಡೀ ಸಮುದಾಯವನ್ನೇ ವಿಲನ್ ಆಗಿ ಚಿತ್ರಿಸುವ ರಾಜಕೀಯವನ್ನು ನಾವು ಪ್ರತಿಭಟಿಸುತ್ತೇವೆ, ಪ್ರತಿಭಟಿಸಲೇಬೇಕು. ಒಬ್ಬನ ಅಪರಾಧಕ್ಕೆ ಅವನ ಕುಲವನ್ನು ಹೊಣೆಯಾಗಿಸುವುದು ಅನ್ಯಾಯ. ಆದರೆ ಮದುವೆಯ ಮಾತುಕತೆಯಲ್ಲಿ ಕ್ಷೌರಿಕನ ಮಗಳೆಂದು, ಕಟುಕನ ಮಗನೆಂದು ಸಂಬಂಧ ನಿರಾಕರಿಸುವವರಿಗೆ ಹಾಗೆ ಪ್ರತಿಭಟಿಸುವ ನೈತಿಕ ಹಕ್ಕು ಎಲ್ಲಿದೆ? ತಕ್ವಾ ಒಂದೇ ಶ್ರೇಷ್ಠತೆಯ ಮಾನದಂಡವೆಂದು ಮಿಂಬರ್‌ನಿಂದ ಸಾರಿದರೆ ಸಾಲದು; ಅದು ನಮ್ಮ ಮನೆಯ ಹೊಸ್ತಿಲನ್ನೂ ದಾಟಬೇಕು.