ಗೆಲುವಿನಲ್ಲಿ ಗುರುವಿನ ಪಾಲು



ಕನಕಪುರ, ಮಾಗಡಿ ಕಡೆಯ ಹೈಸ್ಕೂಲು ಮೈದಾನಗಳಲ್ಲಿ ತಾಲ್ಲೂಕು ಕ್ರೀಡಾಕೂಟದ ಬೆಳಿಗ್ಗೆ ನೋಡಬೇಕು. ಪಿಟಿ ಮೇಷ್ಟ್ರು ಬಗ್ಗಿಕೊಂಡು ಸುಣ್ಣದ ಪುಡಿಯಲ್ಲಿ ಕಬಡ್ಡಿ ಅಂಕಣದ ಗೆರೆ ಹಾಕುತ್ತಿರುತ್ತಾರೆ. ಸಂಜೆ ಕಪ್ಪು ಬಂದರೆ ಫೋಟೋದ ಅಂಚಿನಲ್ಲಿ ಅವರದು ಅರ್ಧ ಭುಜ. ಗೆಲುವಿನಲ್ಲಿ ಅವರ ಪಾಲೆಷ್ಟು? ಅಳೆಯುವವರು ಯಾರು?

ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿ ಇದೆ. ಅಲ್ಲಿನ ಎನ್‌ಎಚ್‌ಎಲ್ ಲೀಗು 1974ರಿಂದ ವರ್ಷದ ಕೋಚ್‌ಗೆ ಜ್ಯಾಕ್ ಆಡಮ್ಸ್ ಪ್ರಶಸ್ತಿ ಕೊಡುತ್ತಿದೆ. ಆರಿಸುವವರು ಯಾರು ಗೊತ್ತೆ? ರೇಡಿಯೋ, ಟೀವಿಯ ಕಾಮೆಂಟರಿಯವರು! ಮೈಕಿನ ಮುಂದೆ ಕೂತ ನನಗಂತೂ ಒಳಗೊಳಗೇ ಹಿಗ್ಗು. ಒಬ್ಬೊಬ್ಬರೂ ಮೂರು ಹೆಸರು ಬರೆಯುತ್ತಾರೆ, ಕ್ರಮವಾಗಿ 5, 3, 1 ಅಂಕ. ಮತ ಬೀಳುವುದು ಲೀಗ್ ಹಂತ ಮುಗಿದಾಗ. ಕಪ್ಪು ಯಾರಿಗೆಂಬುದು ಆಮೇಲಿನ ಮಾತು. ಅದಕ್ಕೇ ಒಂಬತ್ತು ಸಲ ಕಪ್ಪು ಗೆಲ್ಲಿಸಿದ ಸ್ಕಾಟಿ ಬೌಮನ್‌ಗೆ ಪ್ರಶಸ್ತಿ ಸಿಕ್ಕಿದ್ದು ಎರಡೇ ಸಲ. ಪ್ಯಾಟ್ ಬರ್ನ್ಸ್‌ಗೆ ಮೂರು ಸಲ, ಅದೂ ಮೂರು ಬೇರೆ ತಂಡಗಳಿಂದ. ಮೊದಲೇ ಬಲವಾಗಿರುವ ತಂಡ ಗೆದ್ದರೆ ಯಾರಿಗೂ ಬೆರಗಿಲ್ಲ. ಬಿದ್ದಿದ್ದ ತಂಡವನ್ನು ಎಬ್ಬಿಸಿದವನೇ ಕಾಮೆಂಟರಿಯವರ ಬಾಯಲ್ಲಿ ಉಳಿಯುತ್ತಾನೆ.

ನಮ್ಮಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದು 1985ರಲ್ಲಿ. ಮೊದಲ ವರ್ಷ ಕುಸ್ತಿಯ ಭಾಗವತ್, ಬಾಕ್ಸಿಂಗಿನ ಓಂಪ್ರಕಾಶ್ ಭಾರದ್ವಾಜ್, ಪಿ.ಟಿ. ಉಷಾರ ಗುರು ಓ.ಎಂ. ನಂಬಿಯಾರ್. ಹಿಂದಿನ ವರ್ಷ ಲಾಸ್ ಏಂಜಲೀಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಪಾಲಿನಿಂದ. ಆಮೇಲೆ ಕರ್ನಾಟಕಕ್ಕೂ ಬಂತು: 2014ರಲ್ಲಿ ಅಥ್ಲೆಟಿಕ್ಸ್‌ನ ಎನ್. ಲಿಂಗಪ್ಪ, 2015ರಲ್ಲಿ ಈಜಿನ ನಿಹಾರ್ ಅಮೀನ್, 2020ರಲ್ಲಿ ಹಾಕಿಯ ಜೂಡ್ ಫೆಲಿಕ್ಸ್.

ದೆಹಲಿಯಲ್ಲಿ ಕೊಡುವ ಈ ಪ್ರಶಸ್ತಿಗೆ ಮತವಿಲ್ಲ. ಅರ್ಜಿ, ಸಮಿತಿ, ಶಿಷ್ಯರ ಅಂತರರಾಷ್ಟ್ರೀಯ ಪದಕಗಳ ಲೆಕ್ಕ. ಜೀವಮಾನ ಸಾಧನೆಗೆ ಬೇರೆ ವಿಭಾಗ. ಪೇಚು ಇಲ್ಲೇ: ಒಬ್ಬ ಹುಡುಗಿಯನ್ನು ಹಳ್ಳಿಯಲ್ಲಿ ಗುರುತಿಸಿದವರು ಒಬ್ಬರು, ಹಾಸ್ಟೆಲಿನಲ್ಲಿ ತಿದ್ದಿದವರು ಇನ್ನೊಬ್ಬರು, ಶಿಬಿರದಲ್ಲಿ ಸ್ಟಾಪ್‌ವಾಚ್ ಹಿಡಿದವರು ಮತ್ತೊಬ್ಬರು. ಪದಕ ಒಂದೇ, ಹಕ್ಕುದಾರರು ಮೂವರು. ಹೆಸರಿನ ತಮಾಷೆಯನ್ನೂ ಗಮನಿಸಿ: ಕೇಂದ್ರ ಗುರುವಿಗೆ ಕೊಡುವುದು ದ್ರೋಣನ ಹೆಸರಿನಲ್ಲಿ, ನಮ್ಮ ರಾಜ್ಯ ಆಟಗಾರರಿಗೆ ಕೊಡುವುದು ಏಕಲವ್ಯನ ಹೆಸರಿನಲ್ಲಿ. ಹೆಬ್ಬೆರಳಿನ ಸಂಗತಿ ಎರಡೂ ಕಡೆ ಯಾರೂ ಎತ್ತುವುದಿಲ್ಲ.

ಇನ್ನು ಗರಡಿಯ ಉಸ್ತಾದರು. ಚನ್ನಪಟ್ಟಣ, ರಾಮನಗರದ ಸುತ್ತ ಜಾತ್ರೆಯ ನಾಡಕುಸ್ತಿಗೆ ಹುಡುಗರನ್ನು ತಯಾರು ಮಾಡುವವರ ಕೆಲಸ ಯಾವ ಪದಕಪಟ್ಟಿಗೂ ಏರುವುದಿಲ್ಲ. ಎದುರಾಳಿಯ ಬೆನ್ನು ಮಟ್ಟಿಗೆ ತಾಗಿಸಿದ ಪೈಲ್ವಾನ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡೇ ಜನರನ್ನು ಸರಿಸಿಕೊಂಡು ಬಂದು ಉಸ್ತಾದರ ಕಾಲಿಗೆ ಬೀಳುತ್ತಾನೆ. ಅವರು ಅವನ ಬೆನ್ನಿಗೊಂದು ಗುದ್ದಿ, ಎರಡನೇ ಪಟ್ಟಿನಲ್ಲಿ ಕಾಲು ಯಾಕೆ ಸಡಿಲ ಬಿಟ್ಟೆ ಎಂದು ಗದರುತ್ತಾರೆ.